ಕಬ್ಬಿನ ಪಡದಲ್ಲಿ ರೇಡಿಯೊ ಅಳತೆ

ಅಲ್ಟ್ರಾ ವೈಡ್‌ಬ್ಯಾಂಡ್ ರೇಡಿಯೊಗೆ ಅಂತರರಾಷ್ಟ್ರೀಯ ಮಾನದಂಡ ಬರೆಯುವ ಮುಂಚೆ, ಈ ಸಿಗ್ನಲ್ ಯಾವ ಜಾಗದಲ್ಲಿ ಹೇಗೆ ಹರಡುತ್ತದೆ ಎಂಬ ಲೆಕ್ಕ ಬೇಕಾಯಿತು. ಆಂಡ್ರಿಯಾಸ್ ಮೋಲಿಶ್ ಅವರ ನೇತೃತ್ವದ, ಎಂಜಿನಿಯರುಗಳ ಸಂಘವಾದ ಐಇಇಇಯ ತಂಡ 2004ರಲ್ಲಿ ಆ ಲೆಕ್ಕವನ್ನು ವರದಿಯಾಗಿ ಕೊಟ್ಟಿತು. ಮನೆಗೊಂದು ಮಾದರಿ, ಕಚೇರಿಗೊಂದು, ಕಾರ್ಖಾನೆಗೊಂದು, ಕಟ್ಟಡಗಳ ನಡುವಿನ ಹೊರಾಂಗಣಕ್ಕೊಂದು. ಬಯಲಿಗೆ, ಅಂದರೆ ಹೊಲಕ್ಕೆ, ಇನ್ನೊಂದು. ಈ ಹೊಲದ ಮಾದರಿ ಎಲ್ಲಿಂದ ಬಂತೆಂದು ಹುಡುಕಿದರೆ ವರದಿಯಲ್ಲೇ ಉತ್ತರವಿದೆ: ಹಿಮ ಮುಚ್ಚಿದ ಬಯಲಿನಲ್ಲಿ ತೆಗೆದ ಅಳತೆ, ಅದರ ಜೊತೆಗೆ ಹೊಲವೊಂದನ್ನು ಕಂಪ್ಯೂಟರಿನಲ್ಲಿ ಕಲ್ಪಿಸಿಕೊಂಡು ಮಾಡಿದ ಲೆಕ್ಕ. ಆ ತಂಡದವರು ಇದನ್ನು ಮುಚ್ಚಿಟ್ಟಿಲ್ಲ. ಎಲ್ಲಿ ಅಳೆದೆವು, ಎಷ್ಟು ದೂರಕ್ಕೆ ಅಳೆದೆವು ಎಂದು ಪ್ರಾಮಾಣಿಕವಾಗಿ ಬರೆದಿದ್ದಾರೆ. ಅಳತೆ ಇದ್ದಲ್ಲಿಂದ ತೆಗೆದುಕೊಂಡರು, ಇಲ್ಲದಲ್ಲಿ ಲೆಕ್ಕ ಹಾಕಿದರು. ನಮ್ಮ ಹೊಲದ ಅಳತೆ ಅವರ ಮುಂದೆ ಇರಲಿಲ್ಲ, ಯಾಕೆಂದರೆ ಅದನ್ನು ನಾವು ತೆಗೆದಿರಲಿಲ್ಲ.

ಈ ವರದಿಯನ್ನು ನಿಡಸೋಸಿಯಲ್ಲಿ ನಿಂತು ಓದಿದರೆ ಅದರ ಕೊರತೆ ಕಣ್ಣಿಗೆ ಕಾಣುತ್ತದೆ. ಹುಕ್ಕೇರಿ ತಾಲ್ಲೂಕಿನ ಈ ಊರನ್ನು ನಾಡಿನ ಜನ ಗುರುತಿಸುವುದು ದುರದುಂಡೀಶ್ವರ ಮಠದಿಂದ. ಹತ್ತಿರದಲ್ಲೇ ಸಂಕೇಶ್ವರ, ಅಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಪಕ್ಕದಲ್ಲಿ ಪುಣೆ–ಬೆಂಗಳೂರು ಹೆದ್ದಾರಿ. ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲಿಗೆ ಹೋದರೂ ದಾರಿಯ ಎರಡೂ ಬದಿಗೆ ಕಬ್ಬಿನ ಪಡ. ಇದೇ ನಿಡಸೋಸಿಯಲ್ಲಿ 1996ರಿಂದ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯವಿದೆ. ಅಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಓದುವ ಮಕ್ಕಳಿದ್ದಾರೆ. ಹನ್ನೆರಡು ತಿಂಗಳು ಬೆಳೆದು ಆಳೆತ್ತರ ದಾಟುವ ಬೆಳೆ ಒಂದು ಕಡೆ, ಆಂಟೆನಾ ಪಾಠ ಓದುವ ತರಗತಿ ಇನ್ನೊಂದು ಕಡೆ. ಎರಡರ ನಡುವೆ ಕೆಲವು ನಿಮಿಷಗಳ ನಡಿಗೆ. ಹಿಮದ ಮೇಲೆ ತೆಗೆದ ಅಂಕಿಗಳನ್ನು ಈ ನೆಲಕ್ಕೆ ಹಚ್ಚಿಕೊಂಡು ಕೂರಬೇಕಾದ ಅಗತ್ಯ ಇಲ್ಲಿಯವರಿಗಿಲ್ಲ ಎಂಬುದು ನನ್ನ ವಾದ. ಯಾಕೆಂದು ಹೇಳಲು ಈ ರೇಡಿಯೊದ ಸ್ವಭಾವದಿಂದಲೇ ಶುರು ಮಾಡಬೇಕು.

ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿ ಪ್ರಸಾರವಾಗುತ್ತದೆ. ಅದರ ಟ್ರಾನ್ಸ್‌ಮಿಟರಿನ ಶಕ್ತಿ 200 ಕಿಲೋವಾಟ್. ಇಷ್ಟು ಶಕ್ತಿಯೆಲ್ಲ ಹತ್ತು ಕಿಲೋಹರ್ಟ್ಸ್‌ನಷ್ಟು ಇಕ್ಕಟ್ಟಾದ ಪಟ್ಟಿಯೊಳಗೆ ತುಂಬಿಕೊಂಡಿರುತ್ತದೆ. ಅಲ್ಟ್ರಾ ವೈಡ್‌ಬ್ಯಾಂಡ್ ಇದಕ್ಕೆ ತೀರ ಎದುರಿನದು. ಅಮೆರಿಕದ ಸಂಪರ್ಕ ಆಯೋಗ 2002ರ ಫೆಬ್ರುವರಿ 14ರಂದು ಅದಕ್ಕೆ ಬಿಟ್ಟುಕೊಟ್ಟ ಜಾಗ 3.1ರಿಂದ 10.6 ಗಿಗಾಹರ್ಟ್ಸ್‌ವರೆಗೆ, ಅಂದರೆ 7,500 ಮೆಗಾಹರ್ಟ್ಸ್ ಅಗಲ. ಶಕ್ತಿಗೆ ಮಾತ್ರ ಬಿಗಿ ಕಡಿವಾಣ: ಒಂದು ಮೆಗಾಹರ್ಟ್ಸ್‌ಗೆ ಸುಮಾರು 74 ನ್ಯಾನೋವಾಟ್ ಮೀರುವಂತಿಲ್ಲ. ಇಡೀ ಪಟ್ಟಿಯನ್ನು ತುಂಬಿದರೂ ಒಟ್ಟು ಶಕ್ತಿ ಅರ್ಧ ಮಿಲಿವಾಟಿನ ಆಸುಪಾಸು. ಆಗಲೇ ಆ ಪಟ್ಟಿಯಲ್ಲಿದ್ದ ರಡಾರು, ಉಪಗ್ರಹ ಸಂಪರ್ಕಗಳಿಗೆ ತೊಂದರೆಯಾಗದ ಹಾಗೆ, ಅವುಗಳ ಸದ್ದಿನಡಿಯಲ್ಲಿ ಇದು ಕೆಲಸ ಮಾಡಬೇಕು. ಆ ಆಯೋಗದ ವ್ಯಾಖ್ಯೆಯ ಪ್ರಕಾರ ಸಿಗ್ನಲ್ಲಿನ ಅಗಲ 500 ಮೆಗಾಹರ್ಟ್ಸ್ ಮುಟ್ಟಬೇಕು, ಇಲ್ಲವೇ ಅದರ ನಡು ಆವರ್ತನದ ಶೇ 20ರಷ್ಟಾದರೂ ಇರಬೇಕು.

ಅಗಲ ಹೆಚ್ಚಾದಷ್ಟೂ ಸಿಗ್ನಲ್ಲನ್ನು ಕಾಲದಲ್ಲಿ ಚಿಕ್ಕದು ಮಾಡಬಹುದು. 7,500 ಮೆಗಾಹರ್ಟ್ಸ್ ಪೂರಾ ಸಿಕ್ಕರೆ ಪಲ್ಸಿನ ಅವಧಿ ಒಂದು ನ್ಯಾನೋಸೆಕೆಂಡಿನ ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿಗೆ ಸಾಗುವುದು 30 ಸೆಂಟಿಮೀಟರ್. ಹಾಗಾಗಿ ಈ ಪಲ್ಸು ಗಾಳಿಯಲ್ಲಿ ಹಿಡಿಯುವ ಉದ್ದ ಸುಮಾರು ನಾಲ್ಕು ಸೆಂಟಿಮೀಟರ್. ಗೋಕಾಕ ಫಾಲ್ಸಿನ ಕೊಳ್ಳದ ಅಂಚಿನಲ್ಲಿ ನಿಂತು ಉದ್ದಕ್ಕೆ ಕೂಗಿದರೆ ಕೂಗೂ ಮಾರ್ದನಿಯೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಒಮ್ಮೆ ಚಪ್ಪಾಳೆ ತಟ್ಟಿದರೆ ಎದುರು ಬಂಡೆಯಿಂದ ಬಂದದ್ದು, ಪಕ್ಕದ ಬಂಡೆಯಿಂದ ಬಂದದ್ದು ಬೇರೆ ಬೇರೆಯಾಗಿ ಕೇಳುತ್ತವೆ. ಚಿಕ್ಕ ಪಲ್ಸು ಮಾಡುವುದೂ ಇದನ್ನೇ. ಗೋಡೆಗೆ ಬಡಿದು ಬಂದದ್ದು, ನೆಲಕ್ಕೆ ತಾಗಿ ಬಂದದ್ದು, ನೇರವಾಗಿ ಬಂದದ್ದು ಒಂದೊಂದೂ ತನ್ನ ತನ್ನ ಹೊತ್ತಿಗೆ ಬೇರೆಯಾಗಿ ಬಂದು ಸೇರುತ್ತದೆ. ನೇರ ಬಂದದ್ದರ ಹೊತ್ತನ್ನು ಹಿಡಿದರೆ ದೂರ ಗೊತ್ತಾಯಿತು. ಬಯಲಲ್ಲಿ ಜಿಪಿಎಸ್ ಮೀಟರುಗಳ ಲೆಕ್ಕದಲ್ಲಿ ತಪ್ಪಿದರೆ ಇದು ಹತ್ತು ಸೆಂಟಿಮೀಟರಿನ ಆಸುಪಾಸಿನಲ್ಲಿ ಹೇಳುತ್ತದೆ. 2019ರ ಐಫೋನ್ 11ರೊಳಗೆ ಈ ಚಿಪ್ ಬಂತು. ಆಮೇಲೆ ಕಾರಿನ ಕೀಲಿಗೂ, ಕಳೆದ ಬೀಗದ ಕೈ ಗೊಂಚಲು ಹುಡುಕುವ ಬಿಲ್ಲೆಗೂ ಬಂತು.

ಹೊಸದೆಂದು ಹೇಳಿದರೂ ಇದರ ಬೇರು ಹಳೆಯದು. 1887–88ರಲ್ಲಿ ಹೈನ್ರಿಷ್ ಹರ್ಟ್ಸ್ ಕಿಡಿ ಹಾರಿಸಿ ರೇಡಿಯೊ ತರಂಗ ಇದೆಯೆಂದು ತೋರಿಸಿದಾಗ ಆ ಕಿಡಿ ಹೊಮ್ಮಿಸಿದ್ದು ಅಗಲ ಪಟ್ಟಿಯ ಪಲ್ಸನ್ನೇ. 1895ರಲ್ಲಿ ಕೋಲ್ಕತ್ತದ ಟೌನ್‌ಹಾಲಿನಲ್ಲಿ ಜಗದೀಶಚಂದ್ರ ಬೋಸ್ ಗೋಡೆಗಳಾಚೆಗೆ ತರಂಗ ಕಳಿಸಿ ಗಂಟೆ ಬಾರಿಸಿದರು, ಮದ್ದಿನ ಪುಡಿ ಸಿಡಿಸಿದರು. ಅವರು ಬಳಸಿದ ಮಿಲಿಮೀಟರ್ ತರಂಗಗಳು, ಕಹಳೆಯಾಕಾರದ ಹಾರ್ನ್ ಆಂಟೆನಾ ಇಂದಿಗೂ ಅಳತೆಯ ಕೋಣೆಗಳಲ್ಲಿ ಉಳಿದಿವೆ. 1898ರಲ್ಲಿ ಆಲಿವರ್ ಲಾಡ್ಜ್ ಪೇಟೆಂಟ್ ಪಡೆದ ಶಂಕುವಿನಾಕಾರದ ಆಂಟೆನಾ ಕರ್ನಾಟಕದ ನೀರಿನ ಮೇಲೆ ತೇಲಿದ್ದನ್ನು ಮುಂದೆ ಹೇಳುತ್ತೇನೆ.

ಈಗ ಆಂಟೆನಾಗೆ ಬರೋಣ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಆಂಟೆನಾ ಬಹಳ ಜನಪ್ರಿಯ. ಎಫ್‌ಆರ್-4 ಹಾಳೆಯ ಮೇಲೆ ತಾಮ್ರದಲ್ಲಿ ಒಂದು ವೃತ್ತವೋ ದೀರ್ಘವೃತ್ತವೋ ಕೊರೆದು, ಕೆಳಗೆ ಅರ್ಧ ನೆಲಪಟ್ಟಿ ಬಿಟ್ಟು, ತುದಿಗೆ ಕನೆಕ್ಟರ್ ಬೆಸೆದರೆ ಆಂಟೆನಾ ಸಿದ್ಧ. ನೆಟ್‌ವರ್ಕ್ ಅನಲೈಸರಿಗೆ ಜೋಡಿಸಿ ಎಸ್-ಒನ್-ಒನ್ ಗ್ರಾಫ್ ತೆಗೆಯುತ್ತಾರೆ. ಅದು ಆಂಟೆನಾಗೆ ಕೊಟ್ಟ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಮರಳಿತು ಎಂಬ ಲೆಕ್ಕ. ಗೆರೆ ಇಡೀ ಪಟ್ಟಿಯಲ್ಲಿ ಮೈನಸ್ 10 ಡೆಸಿಬಲ್ಲಿಗಿಂತ ಕೆಳಗಿದ್ದರೆ ಶೇ 90ಕ್ಕಿಂತ ಹೆಚ್ಚು ಶಕ್ತಿ ಒಳಗೆ ಹೋಯಿತು ಎಂದರ್ಥ. ಬಹಳಷ್ಟು ವರದಿಗಳು ಇಲ್ಲಿಗೇ ಮುಗಿಯುತ್ತವೆ. ಕೆಲವು ಕಂಪ್ಯೂಟರಿನ ಸಿಮ್ಯುಲೇಷನ್ನಿಗೇ ನಿಲ್ಲುತ್ತವೆ, ಹಾಳೆಯನ್ನು ಕೊರೆಯುವ ತನಕವೂ ಬರುವುದಿಲ್ಲ.

ಇಷ್ಟಕ್ಕೇ ನಿಲ್ಲುವುದು ಸಾಲದು. 50 ಓಮ್‌ನ ಒಂದು ರೆಸಿಸ್ಟರನ್ನು ಆಂಟೆನಾದ ಜಾಗದಲ್ಲಿ ಸಿಕ್ಕಿಸಿ ಅದೇ ಗ್ರಾಫ್ ತೆಗೆದು ನೋಡಿ, ಯಾವ ಆಂಟೆನಾಗಿಂತಲೂ ಚೆನ್ನಾಗಿ ಬರುತ್ತದೆ. ಶಕ್ತಿಯೆಲ್ಲ ಒಳಗೆ ಹೋಗಿರುತ್ತದೆ, ಬಿಸಿಯಾಗಿ ಕಳೆದುಹೋಗಿರುತ್ತದೆ, ಹೊರಗೆ ಮಾತ್ರ ಏನೂ ಹೊಮ್ಮಿರುವುದಿಲ್ಲ. ಎಫ್‌ಆರ್-4 ಹಾಳೆಯೂ ಮೇಲಿನ ಆವರ್ತನಗಳಲ್ಲಿ ಒಂದಷ್ಟು ಶಕ್ತಿಯನ್ನು ತಿನ್ನುತ್ತದೆ. ಒಳಗೆ ಹೋದದ್ದು ಗಾಳಿಗೆ ಬಂತೋ ಇಲ್ಲವೋ ತಿಳಿಯಬೇಕಾದರೆ ಎದುರಿಗೆ ಇನ್ನೊಂದು ಆಂಟೆನಾ ನಿಲ್ಲಿಸಿ ಅಲ್ಲಿಗೆ ಎಷ್ಟು ತಲುಪಿತು ಎಂದು ಅಳೆಯಲೇಬೇಕು. ಹರಾಲ್ಡ್ ಫ್ರೀಸ್ 1946ರಲ್ಲಿ ಕೊಟ್ಟ ಸಮೀಕರಣ ಇದಕ್ಕೆ ಆಧಾರ. ಒಂದೇ ಬಗೆಯ ಎರಡು ಆಂಟೆನಾ ಇದ್ದರೆ ಎರಡರ ಗಳಿಕೆಯೂ, ಅಂದರೆ ಎದುರು ದಿಕ್ಕಿಗೆ ಶಕ್ತಿಯನ್ನು ಎಷ್ಟು ಒಟ್ಟುಗೂಡಿಸುತ್ತವೆ ಎಂಬುದೂ, ಅದರಿಂದ ಸಿಗುತ್ತದೆ. ಬೇರೆ ಬೇರೆ ಇದ್ದರೆ ಮೂರನ್ನು ತೆಗೆದುಕೊಂಡು ಜೋಡಿ ಜೋಡಿಯಾಗಿ ಅಳೆದು ಮೂರು ಸಮೀಕರಣ ಬಿಡಿಸಬೇಕು.

ಅಗಲ ಪಟ್ಟಿಯ ಆಂಟೆನಾಗೆ ಅದೂ ಸಾಲದು. ಗಳಿಕೆಯ ಜೊತೆಗೆ ಹೊತ್ತನ್ನೂ ಅಳೆಯಬೇಕು. ಲಾಗ್ ಪೀರಿಯಾಡಿಕ್ ಆಂಟೆನಾ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ನಡುಗಂಬಿ, ಅದರ ಉದ್ದಕ್ಕೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಅಡ್ಡಗಂಬಿ. ಗೌರಿಬಿದನೂರಿನ ವೀಕ್ಷಣಾಲಯದಲ್ಲಿ ಸೂರ್ಯನ ರೇಡಿಯೊ ಚಿತ್ರ ತೆಗೆಯುವ ಸಾಲುಗಳಲ್ಲಿ ಇವೇ ಇವೆ. ಬೇರೆ ಬೇರೆ ಆವರ್ತನಗಳಲ್ಲಿ ಆಕಾಶ ನೋಡಲು ಬಹಳ ಉಪಯುಕ್ತ. ಇದಕ್ಕೆ ಒಂದು ಚಿಕ್ಕ ಪಲ್ಸ್ ಕೊಟ್ಟರೆ ಏನಾಗುತ್ತದೆ? ಹೆಚ್ಚಿನ ಆವರ್ತನ ಮುಂದಿನ ಚಿಕ್ಕ ಕಂಬಿಯಿಂದ ಹೊರಡುತ್ತದೆ, ಕಡಿಮೆ ಆವರ್ತನ ಹಿಂದಿನ ಉದ್ದ ಕಂಬಿಯ ತನಕ ಹೋಗಿ ಅಲ್ಲಿಂದ ಹೊರಡುತ್ತದೆ. ಒಟ್ಟಿಗೆ ಕೊಟ್ಟದ್ದು ಹಿಂದುಮುಂದಾಗಿ ಹೊರಬಿದ್ದು, ಚಿಕ್ಕ ಪಲ್ಸು ಎಳೆದಾಡಿದ ಉದ್ದ ಅಲೆಯಾಗುತ್ತದೆ. ಆ ಆಂಟೆನಾದ ಎಸ್-ಒನ್-ಒನ್ ಗ್ರಾಫಿನಲ್ಲಿ ಇದರ ಸುಳಿವೇ ಇರುವುದಿಲ್ಲ. ದೂರ ಅಳೆಯುವ ಕೆಲಸಕ್ಕೆ ಹೊತ್ತು ಕೆಡಿಸದ ಆಂಟೆನಾ ಬೇಕು. ಪಿ. ಜೆ. ಗಿಬ್ಸನ್ 1979ರಲ್ಲಿ ಪ್ರಕಟಿಸಿದ ವಿವಾಲ್ಡಿ, ಲಾಡ್ಜ್ ಕಾಲದ ಶಂಕು, ಚಿಕ್ಕ ವೃತ್ತದ ಹಾಳೆ ಇಂಥವು. ಅವೂ ದಿಕ್ಕು ಬದಲಾದಂತೆ ಪಲ್ಸಿನ ಆಕಾರವನ್ನು ಬದಲಿಸುತ್ತವೆ. ಎದುರು ನಿಂತವನಿಗೆ ಸಿಕ್ಕಿದ ಪಲ್ಸು ಪಕ್ಕಕ್ಕೆ ನಿಂತವನಿಗೆ ಸಿಗುವುದಿಲ್ಲ. ಆದ್ದರಿಂದ ಆಂಟೆನಾವನ್ನು ಸುತ್ತ ತಿರುಗಿಸಿ, ಒಂದೊಂದು ಕೋನದಲ್ಲೂ, ಪ್ರತಿ ಆವರ್ತನದಲ್ಲೂ ಗಾತ್ರವನ್ನೂ ಫೇಸ್ ಅನ್ನೂ, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದನ್ನೂ, ಬರೆದುಕೊಳ್ಳಬೇಕು.

ಅಳತೆಯ ಶಿಸ್ತಿನ ಬಗ್ಗೆ ಒಂದು ಮಾತು. 10 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಮೂರು ಸೆಂಟಿಮೀಟರ್. ಆಂಟೆನಾ ಒಂದು ಮಿಲಿಮೀಟರ್ ಸರಿದರೆ ಫೇಸ್ 12 ಡಿಗ್ರಿ ತಪ್ಪುತ್ತದೆ. ಕೇಬಲ್ ಬಿಸಿಲಿಗೆ ಕಾದರೂ, ಬಾಗಿದರೂ, ಕನೆಕ್ಟರಿನ ಬಿಗಿ ಸಡಿಲಾದರೂ ಅಂಕಿ ಬದಲಾಗುತ್ತದೆ. ಶಾರ್ಟ್, ಓಪನ್, ಲೋಡ್, ಥ್ರೂ ಎಂದು ನಾಲ್ಕು ಬಗೆಯಲ್ಲಿ ಕೇಬಲ್ಲಿನ ತುದಿಯ ತನಕ ಕ್ಯಾಲಿಬ್ರೇಷನ್ ಮಾಡಿಕೊಳ್ಳದೆ ತೆಗೆದ ಅಳತೆಯಲ್ಲಿ ಆಂಟೆನಾ ಎಷ್ಟು, ಕೇಬಲ್ ಎಷ್ಟು ಎಂದು ಯಾರೂ ಹೇಳಲಾರರು. ಇದನ್ನು ಬೇಸರವಿಲ್ಲದೆ ದಿನಾ ಮಾಡುವವರೇ ಒಳ್ಳೆಯ ಅಳತೆಗಾರರು.

ಇದಕ್ಕೆಲ್ಲ ಗೋಡೆ, ಚಾವಣಿ, ನೆಲದ ತುಂಬ ಇಂಗಾಲ ತುಂಬಿದ ಸ್ಪಂಜಿನ ಚೂಪುಗಳಿರುವ, ಮಾರ್ದನಿಯಿಲ್ಲದ ಕೋಣೆ ಬೇಕು ಎನ್ನುತ್ತಾರೆ. ಬೆಂಗಳೂರಿನಲ್ಲಿ ಇಸ್ರೊ ಉಪಗ್ರಹಗಳ ಆಂಟೆನಾ ಪರೀಕ್ಷಿಸಲು ಅಂಥ ದೊಡ್ಡ ವ್ಯವಸ್ಥೆಯಿದೆ. ಪ್ರತಿ ತಾಲ್ಲೂಕಿನ ಕಾಲೇಜಿಗೆ ಅದು ಎಟುಕುವುದಿಲ್ಲ. ಆದರೆ ಅಗಲ ಪಟ್ಟಿಯೇ ಇಲ್ಲಿ ಕೈಹಿಡಿಯುತ್ತದೆ. ಕಾಲೇಜಿನ ಬಯಲಿನಲ್ಲಿ ಎರಡು ಮರದ ಗೂಟ ನಿಲ್ಲಿಸಿ, ಎರಡು ಮೀಟರ್ ಎತ್ತರದಲ್ಲಿ, ಒಂದೂವರೆ ಮೀಟರ್ ಅಂತರದಲ್ಲಿ ಎರಡು ಆಂಟೆನಾ ಕಟ್ಟಿದೆವು ಎನ್ನೋಣ. ನೇರ ದಾರಿ 1.5 ಮೀಟರ್. ನೆಲಕ್ಕೆ ತಾಗಿ ಬರುವ ದಾರಿ ಸುಮಾರು 4.27 ಮೀಟರ್. ಎರಡರ ನಡುವೆ ಒಂಬತ್ತು ನ್ಯಾನೋಸೆಕೆಂಡಿನಷ್ಟು ಬಿಡುವು. ಏಳನೇ ಒಂದು ನ್ಯಾನೋಸೆಕೆಂಡನ್ನು ಬಿಡಿಸಿ ನೋಡಬಲ್ಲ ಅಳತೆಗೆ ಇದು ಧಾರಾಳ. ಆವರ್ತನದ ಅಂಕಿಗಳನ್ನು ಫೂರಿಯರ್ ಲೆಕ್ಕದಿಂದ ಕಾಲಕ್ಕೆ ತಿರುಗಿಸಿ, ನೇರ ಬಂದದ್ದನ್ನಷ್ಟೇ ಉಳಿಸಿ, ಆಮೇಲೆ ಬಂದದ್ದನ್ನು ಕತ್ತರಿಸಿ ಹಾಕಿದರೆ ಬಯಲೇ ಪ್ರಯೋಗಾಲಯವಾಯಿತು. ಅಂಗೈಯಗಲದ ಆಂಟೆನಾಗೆ ಒಂದು ಮೀಟರ್ ಆಚೆಯೇ ದೂರವಲಯ, ಅಂದರೆ ಅದು ಹರಡುವ ಆಕಾರ ದೂರದೊಂದಿಗೆ ಬದಲಾಗದ ವಲಯ, ಸಿಕ್ಕಿಬಿಡುತ್ತದೆ. ಕೋಣೆಯಿಲ್ಲ ಎಂದು ಅಳತೆಯನ್ನೇ ಕೈಬಿಡುವುದಕ್ಕೆ ಕಾರಣವಿಲ್ಲ.

ಆಂಟೆನಾ ತನ್ನ ಸುತ್ತಲಿನ ಜಾಗವನ್ನು ಬಿಟ್ಟು ಇರಲಾರದು ಎಂಬುದಕ್ಕೆ ಕರ್ನಾಟಕದಲ್ಲೇ ನಡೆದ ಒಂದು ಅಳತೆಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

2018ರಲ್ಲಿ ಅಮೆರಿಕದ ಜಡ್ ಬೋಮನ್ ಮತ್ತು ಅವರ ಸಂಗಡಿಗರು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ನೆಲದ ಮೇಲಿಟ್ಟ ಆಂಟೆನಾದಿಂದ 78 ಮೆಗಾಹರ್ಟ್ಸ್‌ನ ಸುತ್ತ ಆಕಾಶದ ರೇಡಿಯೊ ಹೊಳಪಿನಲ್ಲಿ ಒಂದು ಚಿಕ್ಕ ತಗ್ಗನ್ನು ಕಂಡೆವೆಂದು ನೇಚರ್ ಪತ್ರಿಕೆಯಲ್ಲಿ ಬರೆದರು. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದಲ್ಲಿ ಹೈಡ್ರೋಜನ್ ಬಿಟ್ಟ ಗುರುತು ಅದು ಎಂಬುದು ಅವರ ಹೇಳಿಕೆ. ಆ ಆವರ್ತನಗಳಲ್ಲಿ ನಮ್ಮ ಆಕಾಶಗಂಗೆಯ ಹೊಳಪೇ ಸಾವಿರಾರು ಕೆಲ್ವಿನ್. ಹುಡುಕುವ ತಗ್ಗು ಅರ್ಧ ಕೆಲ್ವಿನ್. ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಸೂಕ್ಷ್ಮ. ಆಂಟೆನಾ ತಾನೇ ಆವರ್ತನದಿಂದ ಆವರ್ತನಕ್ಕೆ ಅಷ್ಟು ಏರಿಳಿತ ಮಾಡಿದರೂ ಅದು ನಕ್ಷತ್ರದ ಗುರುತಿನಂತೆಯೇ ಕಾಣುತ್ತದೆ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ಇದೇ ಹುಡುಕಾಟದಲ್ಲಿ ಸಾರಸ್ ಎಂಬ ಉಪಕರಣಗಳನ್ನು ವರ್ಷಗಳಿಂದ ಕಟ್ಟುತ್ತಾ ಬಂದಿತ್ತು. ರವಿ ಸುಬ್ರಹ್ಮಣ್ಯನ್, ಎನ್. ಉದಯಶಂಕರ್, ಸೌರಭ್ ಸಿಂಗ್, ಮಯೂರಿ ರಾವ್ ಮೊದಲಾದವರ ತಂಡ. ನೆಲದ ಮೇಲೆ ಆಂಟೆನಾ ಇಟ್ಟಾಗ ಅವರನ್ನು ಕಾಡಿದ್ದು ಆಕಾಶಕ್ಕಿಂತ ನೆಲ. ಮೇಲೆ ಒಣ ಮಣ್ಣು, ಕೆಳಗೆ ತೇವದ ಮಣ್ಣು, ಅದರ ಕೆಳಗೆ ಕಲ್ಲು. ಒಂದೊಂದು ಪದರದಿಂದಲೂ ತರಂಗ ಮರಳಿ ಬಂದು ಆಂಟೆನಾವನ್ನು ಸೇರುತ್ತದೆ. ಯಾವ ಪದರ ಎಷ್ಟು ಆಳದಲ್ಲಿದೆ, ಅದರಲ್ಲಿ ತೇವ ಎಷ್ಟು ಎಂಬುದರ ಮೇಲೆ ಗ್ರಾಫಿನಲ್ಲಿ ಅಲೆಗಳು ಏಳುತ್ತವೆ. ಆ ಅಲೆಗಳನ್ನು ಲೆಕ್ಕದಿಂದ ತೆಗೆಯಲು ನೆಲದೊಳಗಿನ ವಿವರ ಬೇಕು, ಅದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ.

ಅವರು ಆರಿಸಿಕೊಂಡದ್ದು ನೀರು. ಆಳವಾದ ನಿಂತ ನೀರು ಎಲ್ಲ ಕಡೆಗೂ ಒಂದೇ ಸಮ, ಪದರಗಳಿಲ್ಲ. ತರಂಗದ ವೇಗ ಎಷ್ಟು ತಗ್ಗುತ್ತದೆ ಎಂಬುದನ್ನು ನಿರ್ಧರಿಸುವ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80 ಎಂದು ಗೊತ್ತಿರುವುದರಿಂದ ಅದು ತರಂಗವನ್ನು ಹೇಗೆ ಮರಳಿಸುತ್ತದೆ ಎಂದು ನಿಖರವಾಗಿ ಲೆಕ್ಕ ಹಾಕಬಹುದು. 2020ರ ಮೊದಲ ತಿಂಗಳುಗಳಲ್ಲಿ ಸಾರಸ್-3ರ ಶಂಕುವಿನಾಕಾರದ ಆಂಟೆನಾವನ್ನು ತೆಪ್ಪದ ಮೇಲಿಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಸಿದರು. ಎಫ್‌ಎಂ ಕೇಂದ್ರಗಳ ಗಲಾಟೆಯಿಂದ ದೂರ, ದಡದಿಂದ ದೂರ. ವಿಶ್ಲೇಷಣೆಗೆ ತೆಗೆದುಕೊಂಡ ಪಟ್ಟಿ 55ರಿಂದ 85 ಮೆಗಾಹರ್ಟ್ಸ್. ನಡು ಆವರ್ತನದ ಶೇ 40ಕ್ಕಿಂತ ಹೆಚ್ಚಿನ ಅಗಲ. ಶೇ 20ರ ಅಳತೆಗೋಲು ಹಿಡಿದರೆ ಇದೂ ಅಲ್ಟ್ರಾ ವೈಡ್‌ಬ್ಯಾಂಡೇ. 2022ರ ಫೆಬ್ರುವರಿಯಲ್ಲಿ ನೇಚರ್ ಆಸ್ಟ್ರಾನಮಿಯಲ್ಲಿ ಫಲಿತಾಂಶ ಬಂತು. ಆಸ್ಟ್ರೇಲಿಯಾದಲ್ಲಿ ಕಂಡ ಆ ತಗ್ಗು ಇಲ್ಲಿ ಕಾಣಲಿಲ್ಲ, ಶೇ 95.3ರ ಖಚಿತತೆಯಿಂದ ಅದನ್ನು ತಳ್ಳಿಹಾಕಬಹುದು ಎಂದು ತಂಡ ಹೇಳಿತು. ಜಗತ್ತಿನ ಖಗೋಳ ವಿಜ್ಞಾನ ಕಿವಿಗೊಟ್ಟು ಕೇಳಿದ ಉತ್ತರ ಇದು. ಅದು ಸಿಕ್ಕಿದ್ದು ಹಿನ್ನೀರಿನ ಮೇಲೆ, ಆಂಟೆನಾ ಎಲ್ಲಿ ನಿಂತಿದೆ ಎಂಬುದನ್ನು ಆಂಟೆನಾದಷ್ಟೇ ಗಂಭೀರವಾಗಿ ತೆಗೆದುಕೊಂಡ ಜನರಿಗೆ. ಇದನ್ನು ನಮ್ಮ ಶಾಲೆ ಕಾಲೇಜುಗಳಲ್ಲಿ ಇನ್ನೂ ಹೆಚ್ಚು ಹೇಳಿಕೊಡಬೇಕು.

ನೆಲ ಖಗೋಳ ವಿಜ್ಞಾನಿಗೆ ತೊಡಕು. ರೈತನಿಗೆ ಅದೇ ತಿಳಿಯಬೇಕಾದ ವಿಷಯ. ಒಣ ಮಣ್ಣಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಮೂರರಿಂದ ಐದು. ನೀರು ಕುಡಿದ ಮಣ್ಣಿನದು ಇಪ್ಪತ್ತು ಮೂವತ್ತಕ್ಕೆ ಏರುತ್ತದೆ. ಮಣ್ಣಿನಲ್ಲಿ ಊರಿದ ಲೋಹದ ಕಡ್ಡಿಗಳ ಮೇಲೆ ಚಿಕ್ಕ ಪಲ್ಸ್ ಹರಿಸಿ, ಅದು ತುದಿಗೆ ಹೋಗಿ ಮರಳುವ ಹೊತ್ತು ಅಳೆದರೆ ತೇವ ಎಷ್ಟೆಂದು ಗೊತ್ತಾಗುತ್ತದೆ. ಟಾಪ್, ಡೇವಿಸ್, ಆನನ್ ಎಂಬ ಮೂವರು 1980ರಲ್ಲಿ ಕೊಟ್ಟ ಸಮೀಕರಣವನ್ನು ಮಣ್ಣು ವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ. ಘಟಪ್ರಭಾ ಅಚ್ಚುಕಟ್ಟಿನ ರೈತರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. ಕಾಲುವೆ ಬಂತು, ಕಬ್ಬು ಬಂತು, ಹೆಚ್ಚು ನೀರುಣಿಸಿದ ಕಡೆ ಸವಳು-ಜವಳೂ ಬಂತು. ಉಪ್ಪೇರಿದ ನೆಲ ರೇಡಿಯೊ ತರಂಗವನ್ನು ಬೇಗ ನುಂಗುತ್ತದೆ. ಆ ನುಂಗುವಿಕೆಯನ್ನೇ ಅಳೆದರೆ ಉಪ್ಪು ಎಷ್ಟು ಏರಿದೆ ಎಂಬುದರ ಸೂಚನೆ ಸಿಗುತ್ತದೆ. ಕಾಲುವೆಯ ನೀರನ್ನು ಯಾವಾಗ ನಿಲ್ಲಿಸಬೇಕು ಎಂದು ಬೇರಿನ ಮಟ್ಟದಿಂದಲೇ ಹೇಳಬಲ್ಲ ಉಪಕರಣ ಈ ಸೀಮೆಗೆ ಮೊಬೈಲಿಗಿಂತ ಮೊದಲು ಬೇಕಿತ್ತು.

ಇನ್ನು ಮಣ್ಣಿನ ಮೇಲಿನ ಕಬ್ಬು. ಈ ರೇಡಿಯೊದ ತರಂಗದ ಉದ್ದ ಮೇಲಿನ ತುದಿಯಲ್ಲಿ 2.8 ಸೆಂಟಿಮೀಟರ್, ಕೆಳಗಿನ ತುದಿಯಲ್ಲಿ 9.7 ಸೆಂಟಿಮೀಟರ್. ಕಬ್ಬಿನ ಗರಿಯ ಅಗಲ, ಗಳದ ದಪ್ಪ ಹೆಚ್ಚುಕಡಿಮೆ ಇದೇ ಅಂದಾಜಿನವು. ತರಂಗದ ಗಾತ್ರಕ್ಕೆ ಹತ್ತಿರವಾದ ವಸ್ತುಗಳು ಅದನ್ನು ಅತಿ ಹೆಚ್ಚು ಚದುರಿಸುತ್ತವೆ. ಗಳದಲ್ಲಿ ತುಂಬಿರುವುದೂ ಬಹುಪಾಲು ನೀರು, ಅದು ತರಂಗವನ್ನು ಹೀರುತ್ತದೆ. ಸಾಲುಗಳ ನಡುವೆ ಮೂರ್ನಾಲ್ಕು ಅಡಿ ಬೋದಿನ ಅಂತರ. ಸಾಲಿನ ಉದ್ದಕ್ಕೆ ಹೋಗುವ ಸಿಗ್ನಲ್ಲು ಒಂದು ಬಗೆ ಸಾಗುತ್ತದೆ, ಸಾಲಿಗೆ ಅಡ್ಡ ಹೋಗುವುದು ಇನ್ನೊಂದು ಬಗೆ. ನಾಟಿಯ ಕಾಲದ ಬರಿನೆಲ, ನಾಲ್ಕು ತಿಂಗಳ ಎಳೆ ಬೆಳೆ, ಮಳೆಗಾಲದ ತೊಯ್ದ ಗರಿ, ಕಟಾವಿಗೆ ಮುಂಚಿನ ಒಣಗಿದ ರವದಿ, ಆಮೇಲೆ ಕೂಳೆ: ಒಂದೇ ಜಾಗ ವರ್ಷದಲ್ಲಿ ಐದು ಬಗೆಯ ರೇಡಿಯೊ ನೆಲವಾಗುತ್ತದೆ. ಹಿಮದ ಬಯಲಿನ ಮಾದರಿ ಇದರಲ್ಲಿ ಯಾವುದಕ್ಕೂ ಸಲ್ಲುವಂತಿಲ್ಲ.

ಇದ್ದ ಜಾಗವನ್ನೇ ಅಳೆದು ಮಾದರಿ ಕಟ್ಟಿದವರು ಹಿಂದೆಯೂ ಇದ್ದಾರೆ. ಕಟ್ಟಡದೊಳಗಿನ ಸಿಗ್ನಲ್ಲಿಗೆ ಇಂದಿಗೂ ಆಧಾರವಾಗಿರುವ ಮಾದರಿಯನ್ನು ಆದೆಲ್ ಸಾಲೇ ಮತ್ತು ರೆನಾಲ್ಡೊ ವಲೆನ್ಸುವೆಲಾ 1987ರಲ್ಲಿ ಪ್ರಕಟಿಸಿದರು. ಅವರು ಅಳೆದದ್ದು ತಾವು ಕೆಲಸ ಮಾಡುತ್ತಿದ್ದ ಬೆಲ್ ಲ್ಯಾಬ್ಸಿನ ಎರಡಂತಸ್ತಿನ ಕಟ್ಟಡವನ್ನೇ. ಹತ್ತು ನ್ಯಾನೋಸೆಕೆಂಡಿನ ಪಲ್ಸ್ ಕಳಿಸಿ, ಕೋಣೆಯಿಂದ ಕೋಣೆಗೆ ಅಲೆದು, ಮರಳಿ ಬರುವ ಪಲ್ಸುಗಳು ಗುಂಪು ಗುಂಪಾಗಿ ಬರುತ್ತವೆ ಎಂದು ಕಂಡುಕೊಂಡರು. 2004ರ ವರದಿಯೂ ಆ ಗುಂಪುಗಳ ಲೆಕ್ಕವನ್ನೇ ಮುಂದುವರಿಸಿದೆ. ತಾವಿದ್ದ ಜಾಗವನ್ನು ಶ್ರದ್ಧೆಯಿಂದ ಅಳೆದದ್ದರಿಂದ ಜಗತ್ತಿಗೆ ಒಂದು ಮಾದರಿ ಸಿಕ್ಕಿತು.

ಕಬ್ಬಿನಲ್ಲಿ ಈ ಕೆಲಸ ಹೇಗೆ ಮಾಡಬಹುದು? ಒಂದು ಆಂಟೆನಾ ಒಂದೆಡೆ ನಿಲ್ಲಿಸಿ ಇನ್ನೊಂದನ್ನು 1, 2, 4, 8, 16 ಮೀಟರಿಗೆ ಒಯ್ಯುವುದು. ಪ್ರತಿ ದೂರದಲ್ಲೂ ಆಂಟೆನಾವನ್ನು ಐದೈದು ಸೆಂಟಿಮೀಟರ್ ಸರಿಸಿ ಹಲವು ಅಳತೆ ತೆಗೆದು ಸರಾಸರಿ ನೋಡುವುದು. ಇಲ್ಲದಿದ್ದರೆ ಒಂದು ಗರಿ ಅಡ್ಡ ಬಂದದ್ದನ್ನೇ ದೂರದ ನಷ್ಟವೆಂದು ಭಾವಿಸುತ್ತೇವೆ. ಅನಲೈಸರಿನಲ್ಲಿ 1,601 ಬಿಂದುಗಳಿಟ್ಟು 7.5 ಗಿಗಾಹರ್ಟ್ಸ್ ಗುಡಿಸಿದರೆ ಸುಮಾರು 213 ನ್ಯಾನೋಸೆಕೆಂಡಿನ ತನಕ, ಅಂದರೆ 64 ಮೀಟರ್ ದಾರಿಯ ತನಕ ಮರಳಿ ಬರುವುದೆಲ್ಲ ಗೊಂದಲವಿಲ್ಲದೆ ಸಿಗುತ್ತದೆ. ತೊಡಕೆಂದರೆ ಗಾಳಿ. ಅನಲೈಸರು ಪಟ್ಟಿಯ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗರಿ ಅಲುಗಾಡಿದರೆ ಮೊದಲು ಅಳೆದ ಆವರ್ತನ ನೋಡಿದ ಹೊಲವೇ ಬೇರೆ, ಕೊನೆಯದು ನೋಡಿದ ಹೊಲವೇ ಬೇರೆ. ನಸುಕಿನಲ್ಲಿ ಗಾಳಿ ನಿಂತ ಹೊತ್ತಿಗೆ ಅಳೆಯಬೇಕು, ಆದರೆ ಆಗ ಗರಿಗಳ ಮೇಲೆ ಇಬ್ಬನಿ ಇರುತ್ತದೆ, ಅದನ್ನೂ ಬರೆದುಕೊಳ್ಳಬೇಕು. ಕಬ್ಬಿನ ಪಡದಲ್ಲಿ ಓಡಾಡಿ ಗೊತ್ತಿರುವ ವಿದ್ಯಾರ್ಥಿಗೆ ಇದು ತಾನಾಗಿ ಹೊಳೆಯುತ್ತದೆ. ಹೊಲ ಕಾಣದ ಪ್ರಯೋಗಾಲಯಕ್ಕೆ ಹೊಳೆಯುವುದಿಲ್ಲ.

ದೊಡ್ಡ ಅನಲೈಸರು ದುಬಾರಿ. ಈಗ ಅಂಗೈಯಲ್ಲಿ ಹಿಡಿಯುವ ಅಗ್ಗದ ನೆಟ್‌ವರ್ಕ್ ಅನಲೈಸರುಗಳು ಬಂದಿವೆ. ಕೆಲವು 6 ಗಿಗಾಹರ್ಟ್ಸ್‌ವರೆಗೆ ಅಳೆಯುತ್ತವೆ. ಪಟ್ಟಿಯ ಕೆಳ ಭಾಗಕ್ಕೆ ಅವು ಸಾಕು. ಇನ್ನೊಂದು ದಾರಿ, ದೂರ ಅಳೆಯುವ ಚಿಪ್ಪನ್ನೇ ಅಳತೆಗೋಲು ಮಾಡಿಕೊಳ್ಳುವುದು. ಐರ್ಲೆಂಡಿನ ಡೆಕಾವೇವ್ ಕಂಪನಿ ಮಾಡಿದ ಡಿಡಬ್ಲ್ಯು1000 ಚಿಪ್ ದೂರದ ಅಂಕಿಯ ಜೊತೆಗೆ, ಸಿಗ್ನಲ್ಲು ಯಾವ ಯಾವ ದಾರಿಯಲ್ಲಿ ಬಂದು ಸೇರಿತು ಎಂಬ ಸಾವಿರದಷ್ಟು ಬಿಂದುಗಳ ನಕ್ಷೆಯನ್ನೂ ಕೊಡುತ್ತದೆ. ಪ್ರತಿ ಬಿಂದುವಿಗೆ ಒಂದು ನ್ಯಾನೋಸೆಕೆಂಡಿನ ಅಂದಾಜು. ಎರಡು ಚಿಕ್ಕ ಬೋರ್ಡು, ಎರಡು ಬ್ಯಾಟರಿ ಇದ್ದರೆ ಉದ್ದ ಕೇಬಲ್ ಎಳೆಯದೆ, ಹೊಲದ ನಡುವೆ ದಿನಗಟ್ಟಲೆ ಅಳೆಯಬಹುದು. ಪ್ರಸಾರಕ್ಕೆ ಮುಂಚೆ ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ವಿಭಾಗದ ನಿಯಮ ನೋಡಿಕೊಳ್ಳಬೇಕು, ಅಷ್ಟೇ.

ಇದರಿಂದ ಏನು ಉಪಯೋಗ ಎಂದು ಕೇಳುವವರು ಕಟಾವಿನ ಯಂತ್ರ ಪಡದೊಳಗೆ ಇಳಿದಾಗ ನೋಡಲಿ. ಎಂಟು ಅಡಿ ಕಬ್ಬಿನ ನಡುವೆ ಚಾಲಕನಿಗೆ ಎದುರು ಯಾರಿದ್ದಾರೆ ಎಂದು ಕಾಣುವುದಿಲ್ಲ. ಕಡಿಯುವ ಗ್ಯಾಂಗಿನವರ ಮೈಮೇಲೆ ಒಂದು ಬಿಲ್ಲೆ ಇದ್ದು, ಯಂತ್ರದಿಂದ ಅವರು ಎಷ್ಟು ಹತ್ತಿರ ಎಂದು ಅದು ಹೇಳುವಂತಾದರೆ ಒಂದು ಜೀವ ಉಳಿದೀತು. ಆದರೆ ಆ ಬಿಲ್ಲೆಯ ಮಾತನ್ನು ನಂಬಬೇಕಾದರೆ ಕಬ್ಬಿನೊಳಗೆ ನೇರ ದಾರಿಯ ಪಲ್ಸು ಎಷ್ಟು ದೂರದ ತನಕ ಗುರುತಿಗೆ ಸಿಗುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಅತಿ ಬಲವಾಗಿ ಬಂದ ಪಲ್ಸೇ ಮೊದಲು ಬಂದದ್ದೆಂದು ಚಿಪ್ ತಪ್ಪು ತಿಳಿದರೆ ಹತ್ತಿರದಲ್ಲಿದ್ದವರನ್ನು ದೂರ ಇದ್ದಾರೆಂದು ಹೇಳಿಬಿಡುತ್ತದೆ. ಮೈ ಅಡ್ಡ ಬಂದರೂ ನೇರ ದಾರಿಯ ಪಲ್ಸು ಕುಗ್ಗುತ್ತದೆ. ಜೀವದ ಪ್ರಶ್ನೆ ಇರುವಲ್ಲಿ ಬೇರೆ ದೇಶದ ಹಿಮದ ಮೇಲಿನ ಅಂಕಿ ಹಿಡಿದು ಉಪಕರಣ ಮಾರುವುದನ್ನು ನಾವು ಒಪ್ಪಬಾರದು.

ಹುಕ್ಕೇರಿ ತಾಲ್ಲೂಕು ತನ್ನ ಹಳ್ಳಿಗಳಿಗೆ ಕರೆಂಟ್ ಹಂಚಲು 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡ ಸೀಮೆ. ತಂತಿಯ ಲೆಕ್ಕವನ್ನು ತಾನೇ ಇಟ್ಟುಕೊಂಡ ಜನಕ್ಕೆ ತರಂಗದ ಲೆಕ್ಕ ಇಡುವುದು ಹೆಚ್ಚಲ್ಲ. ನಿಡಸೋಸಿಯ, ಬೆಳಗಾವಿ ಜಿಲ್ಲೆಯ ಎಲೆಕ್ಟ್ರಾನಿಕ್ಸ್ ವಿಭಾಗಗಳ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ತಂಡಕ್ಕೆ ಮತ್ತೊಂದು ಎಸ್-ಒನ್-ಒನ್ ಗ್ರಾಫಿನ ಪ್ರಾಜೆಕ್ಟ್ ಕೊಡಬೇಡಿ. ಒಂದು ಎಕರೆ ಕಬ್ಬನ್ನು ನಾಟಿಯಿಂದ ಕಟಾವಿನ ತನಕ ತಿಂಗಳಿಗೊಮ್ಮೆ ಅಳೆಯುವ ಕೆಲಸ ಕೊಡಿ. ಒಂದು ತಂಡ ಮುಗಿಸಲಾಗದಿದ್ದರೆ ಮುಂದಿನ ವರ್ಷದವರು ಕೂಳೆಯಿಂದ ಮುಂದುವರಿಸಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳನ್ನು ಜೊತೆಗೆ ಕರೆದುಕೊಳ್ಳಿ, ತೇವ ಮತ್ತು ಉಪ್ಪಿನ ಅಂಕಿ ಅವರಿಂದ ಬರಲಿ. ತೆಗೆದ ಅಳತೆಯನ್ನು, ಕ್ಯಾಲಿಬ್ರೇಷನ್ನಿನ ಕಡತವನ್ನೂ ಸೇರಿಸಿ, ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗೆ ಪ್ರಕಟಿಸಿ. ಈ ಹಂಗಾಮಿನ ನಾಟಿಗೆ ಮುಂಚೆ ಬರಿನೆಲದ ಅಳತೆಯೊಂದನ್ನು ತೆಗೆದಿಟ್ಟುಕೊಳ್ಳಿ. ಕಬ್ಬು ಬೆಳೆದ ಮೇಲೆ ಅದು ಮತ್ತೆ ಒಂದು ವರ್ಷ ಸಿಗುವುದಿಲ್ಲ.